ಮಂಗಳದ ಕಿರಣ, ಕೆ.ಜಿ.ಎಫ್. ಗಣಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

'ಈ ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಬರುತ್ತವೆ. ಮೊಬೈಲ್ ಆಫ್ ಮಾಡಿ, ತಲೆದೆಸೆಯಲ್ಲಿ ಇಟ್ಟುಕೊಂಡು ಮಲಗಬೇಡಿ.' ಈ ಸಂದೇಶ ನಿಮಗೂ ಬಂದಿರಬೇಕು. ಕೆಳಗೆ ನಾಸಾ ಹೆಸರಿರುತ್ತದೆ, ತಾರೀಖು ಇರುವುದಿಲ್ಲ. 'ಈ ರಾತ್ರಿ' ಎಂದುಬಿಟ್ಟರೆ ಯಾವ ವರ್ಷಕ್ಕಾದರೂ ಒಗ್ಗುತ್ತದಲ್ಲ!

12.30 ಅಂದರೆ ಯಾರ ಗಡಿಯಾರದ್ದು? ಕೋಲಾರದಲ್ಲಿ ನಡುರಾತ್ರಿ 12.30 ಆದಾಗ ಸಿಂಗಪುರದಲ್ಲಿ ಬೆಳಗಿನ ಜಾವ 3 ಗಂಟೆ. ತಿರುಗುವ ಭೂಮಿಯ ಮೇಲೆ ಎಲ್ಲ ಊರಿಗೂ ಒಂದೇ ಹೊತ್ತಿಗೆ ಕಿರಣ ಹೊಡೆಯುವುದು ಹೇಗೆ?

ಕಾಸ್ಮಿಕ್ ಕಿರಣಗಳೇನೋ ನಿಜ. ಅವು ಬಹುಪಾಲು ಪ್ರೋಟಾನ್‌ಗಳು, ಮಂಗಳದಿಂದ ಬಂದವಲ್ಲ. ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಮ್ಯುವಾನ್ ಎಂಬ ಕಣಗಳು ನೆಲದ ತನಕ ಇಳಿಯುತ್ತವೆ. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿದರೆ ಸೆಕೆಂಡಿಗೊಂದು ತೂರಿ ಹೋಗುತ್ತದೆ, ಹಗಲೂ ಇರುಳೂ. ಫೋನ್ ಆಫ್ ಇರಲಿ, ಆನ್ ಇರಲಿ, ಅವುಗಳಿಗೆ ಎರಡೂ ಒಂದೇ. ತಾರಸಿಯನ್ನೇ ದಾಟಿ ಬರುವ ಕಣಕ್ಕೆ ಮೊಬೈಲ್ ಯಾವ ಲೆಕ್ಕ?

ಇವುಗಳಿಂದ ತಪ್ಪಿಸಿಕೊಳ್ಳಲೇಬೇಕೆಂದು ಹೊರಟ ವಿಜ್ಞಾನಿಗಳು ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ. ಅವರಿಗೆ ಬೇಕಾಗಿದ್ದದ್ದು ನ್ಯೂಟ್ರಿನೊ, ಬಹುತೇಕ ಯಾವುದಕ್ಕೂ ಬಡಿಯದೆ ಭೂಮಿಯನ್ನೇ ತೂರಿ ಹೋಗುವ ಕಣ. ಮ್ಯುವಾನ್‌ಗಳ ಗದ್ದಲದಲ್ಲಿ ಅದು ಸಿಗದು. ಆಳಕ್ಕೆ ಇಳಿದಷ್ಟೂ ಬಂಡೆ ಮ್ಯುವಾನ್‌ಗಳನ್ನು ಸೋಸುತ್ತದೆ. 2.3 ಕಿಲೋಮೀಟರ್ ಆಳದಲ್ಲಿ, ಕಣ ಹಾದಾಗ ಮಿನುಗುವ ಸಿಂಟಿಲೇಟರ್‌ಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ಅಳಿದುಳಿದ ಮ್ಯುವಾನ್ ತಲೆಯ ಮೇಲಿಂದ ಬರುತ್ತದೆ, ಆದರೆ ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿಸುವ ಕಣ ಅಡ್ಡಡ್ಡವಾಗಿಯೂ ಬರಬಲ್ಲದು. ಗೋಡೆ ಹಿಡಿಯುವುದು ಅದನ್ನೇ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಭೂಮಿಯ ಒಳಗನ್ನು ನ್ಯೂಟ್ರಿನೊ ಕುದಿಸಿಬಿಡುತ್ತದೆ ಎನ್ನುವವರಿದ್ದಾರೆ. ಒಂದೊಂದನ್ನು ಹಿಡಿಯಲು ವಾರಗಟ್ಟಲೆ ಕಾಯಬೇಕಾದ ಕಣ ಏನನ್ನು ಕುದಿಸೀತು?

ಇನ್ನು ಗ್ರಹಗಳು ಸಾಲುಗಟ್ಟಿದರೆ ಪ್ರಳಯ ಎಂಬ ಮಾತು. 1962ರ ಫೆಬ್ರವರಿಯ ಅಷ್ಟಗ್ರಹ ಕೂಟ ಹಿರಿಯರಿಗೆ ನೆನಪಿರಬಹುದು. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡಿದುವೆಂದು ದೇಶದುದ್ದಕ್ಕೂ ಹೋಮಗಳಾದವು. ಎಂಟರಲ್ಲೊಂದಾದ ಕೇತುವಿಗೆ ತೂಕವೇ ಇಲ್ಲ, ಅದು ಆಕಾಶದಲ್ಲಿ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟುವ ಒಂದು ಬಿಂದು. ಉಳಿದವುಗಳ ಎಳೆತವನ್ನು ನೀವೇ ಲೆಕ್ಕ ಹಾಕಿ. ಶುಕ್ರ ತೀರಾ ಹತ್ತಿರ ಬಂದಾಗಲೂ ಚಂದ್ರನಿಗಿಂತ ಸುಮಾರು 108 ಪಟ್ಟು ದೂರ. ಉಬ್ಬರವಿಳಿತ ಎಬ್ಬಿಸುವ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ: 108ನ್ನು 108ರಿಂದ, ಮತ್ತೆ 108ರಿಂದ ಗುಣಿಸಿದರೆ ಹನ್ನೆರಡೂವರೆ ಲಕ್ಷದ ಮೇಲೆ. ಶುಕ್ರನ ದ್ರವ್ಯರಾಶಿ ಚಂದ್ರನ 66 ಪಟ್ಟು. ಭಾಗಿಸಿದರೆ ಚಂದ್ರನ ಬಲದ 19,000ದಲ್ಲಿ ಒಂದು ಪಾಲು. ಗುರುವಿನದು ಅದಕ್ಕಿಂತಲೂ ಕಡಿಮೆ. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರರ ಎಳೆತ ಕೂಡುವುದನ್ನೇ ಭೂಮಿ ತಾಳಿಕೊಂಡಿದೆ.

ಸೂರ್ಯ ಉಗುಳಿದ ಅನಿಲಮೋಡ ಭೂಮಿಗೆ ಬಡಿಯುವ ಸೌರ ಬಿರುಗಾಳಿಯ ವಿಷಯ ಬೇರೆ, ಅದರಲ್ಲಿ ಸತ್ಯವಿದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 9 ಗಂಟೆ ಕರೆಂಟ್ ಹೋಯಿತು. ಅದು ಧ್ರುವದ ಕಡೆಯ ನಾಡು. ಬಿರುಗಾಳಿ ನೆಲದಲ್ಲಿ ಹುಟ್ಟಿಸಿದ ವಿದ್ಯುತ್ತನ್ನು ಅಲ್ಲಿನ ಗಟ್ಟಿ ಬಂಡೆ ಹರಿಯಗೊಡದೆ, ಅದು ಉದ್ದನೆಯ ತಂತಿಗಳಿಗೆ ನುಗ್ಗಿತು. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಧ್ರುವದಿಂದ ಬಹು ದೂರ. 2024ರ ಮೇ 10, 11ರ ಬಿರುಗಾಳಿ ಎರಡು ದಶಕಗಳಲ್ಲೇ ದೊಡ್ಡದು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಆ ರಾತ್ರಿ ನಿಮ್ಮ ಬೀದಿಯಲ್ಲಿ ಕರೆಂಟ್ ಹೋಗಿದ್ದರೆ ಸೂರ್ಯನನ್ನು ಬೈಯಬೇಕಿಲ್ಲ.

ಸೂರ್ಯನ ಕಾವಲಿಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ವ್ಯವಸ್ಥೆಯಿದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕ ಸೂರ್ಯನ ಹೊರವಲಯದ ರೇಡಿಯೊ ಅಲೆಗಳನ್ನು ದಾಖಲಿಸುತ್ತದೆ. 15 ಲಕ್ಷ ಕಿಲೋಮೀಟರ್ ಆಚೆ ಸೂರ್ಯನನ್ನು ಗಮನಿಸುವ ಇಸ್ರೋದ ನೌಕೆ ಆದಿತ್ಯ ಎಲ್1 ಇದೆ. ಸೂರ್ಯ ಉಗುಳಿದ ಅನಿಲಮೋಡ ನಮ್ಮನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆ ಬಿಡುವಿನಲ್ಲಿ ನಿಜವಾದ ಎಚ್ಚರಿಕೆ ಹೊರಡುತ್ತದೆ. ಅದರಲ್ಲಿ ತಾರೀಖು ಇರುತ್ತದೆ, ಜಿ1ರಿಂದ ಜಿ5ರವರೆಗಿನ ತೀವ್ರತೆಯ ಅಂಕಿ ಇರುತ್ತದೆ. ಅದು ಬೇಕಾಗುವುದು ಉಪಗ್ರಹ, ವಿಮಾನ, ವಿದ್ಯುತ್ ಜಾಲ ನಡೆಸುವವರಿಗೆ, ತಲೆದೆಸೆಯ ಫೋನಿಗಲ್ಲ.