ಹಾರ್ವರ್ಡ್ ಇರ್ಲಿ ಯಾರೇ ಇರ್ಲಿ, ಮೊದ್ಲು ಡೇಟಾ ತೋರ್ಸಿ

ನಮಸ್ಕಾರ, ಎಲ್ರೂ ಹೇಗಿದೀರ? ಇವತ್ತು ಬೇರೆ ಟಾಪಿಕ್ ರೆಡಿ ಮಾಡ್ಕೊಂಡಿದ್ದೆ, ಅದನ್ನ ಮುಂದಕ್ಕೆ ಹಾಕಿದೀನಿ. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ, "ಸರ್, ಇದನ್ನೆಲ್ಲ ಹಾರ್ವರ್ಡ್ ಪ್ರೊಫೆಸರ್‌ಗಳು ಪ್ರೂವ್ ಮಾಡಾಗಿದೆ, ಪ್ರಶ್ನೆ ಕೇಳೋಕೆ ನೀವ್ಯಾರು?" ಅಂತ. ಅದಕ್ಕೆ ಲೈಕ್ ಮೇಲೆ ಲೈಕ್ ಬೇರೆ.

ನಾನ್ಯಾರು ಅನ್ನೋದು ಬಿಡಿ ಸ್ವಾಮಿ. ಡೇಟಾ ಎಲ್ಲಿದೆ? ಕನ್ಸ್ಯೂಮರ್ ಬಿಹೇವಿಯರ್, ಮ್ಯಾನೇಜ್‌ಮೆಂಟ್ ಥಿಯರಿ, ಯಾವ ರಿಸರ್ಚೇ ಬರ್ಲಿ, ನಾನು ಮೊದ್ಲು ಕೇಳೋದು ಇದೊಂದೇ. ಎಕ್ಸೆಲ್ ಶೀಟ್ ತೋರ್ಸಿ, ಆಮೇಲೆ ನಿಮ್ಮ ಯೂನಿವರ್ಸಿಟಿ ಹೆಸ್ರು ಹೇಳಿ.

ಹಾರ್ವರ್ಡ್ ಅಂದ್ರಲ್ಲ, ಹಾರ್ವರ್ಡ್ ಕಥೆನೇ ಹೇಳ್ತೀನಿ ಕೇಳಿ. 2012ರಲ್ಲಿ ಅಮೆರಿಕದ ಪಿಎನ್‌ಎಎಸ್ ಅನ್ನೋ ದೊಡ್ಡ ವಿಜ್ಞಾನ ಜರ್ನಲ್‌ನಲ್ಲಿ ಒಂದು ಪೇಪರ್ ಬಂತು. ಬರೆದೋರು ಐದು ಜನ, ಅದ್ರಲ್ಲಿ ಹಾರ್ವರ್ಡ್‌ನ ಫ್ರಾನ್ಸೆಸ್ಕಾ ಜೀನೋ, ಮ್ಯಾಕ್ಸ್ ಬೇಜರ್‌ಮನ್, ಡ್ಯೂಕ್ ಯೂನಿವರ್ಸಿಟಿಯ ಡ್ಯಾನ್ ಏರಿಯಲಿ ಎಲ್ಲ ಇದ್ರು, ಈ ಫೀಲ್ಡ್‌ನಲ್ಲಿ ದೊಡ್ಡ ದೊಡ್ಡ ಹೆಸ್ರು. ವಿಷ್ಯ ಏನಂದ್ರೆ, ಯಾವ್ದೇ ಫಾರ್ಮ್‌ನಲ್ಲಿ "ನಾನು ಹೇಳಿರೋದೆಲ್ಲ ನಿಜ" ಅಂತ ಸೈನ್ ಹಾಕೋದು ಕೊನೇಲಿ ಇರತ್ತಲ್ಲ, ಅದನ್ನ ಮೇಲೆ ಇಟ್ರೆ, ಅಂದ್ರೆ ತುಂಬೋಕೆ ಮುಂಚೆನೇ ಸೈನ್ ಹಾಕಿಸ್ಕೊಂಡ್ರೆ, ಜನ ಸುಳ್ಳು ಕಮ್ಮಿ ಹೇಳ್ತಾರೆ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಖರ್ಚಿಲ್ಲ, ಒಂದು ಗೆರೆ ಮೇಲಕ್ಕೆ ತಂದ್ರೆ ಸಾಕು, ಜನ ಪ್ರಾಮಾಣಿಕರಾಗ್ಬಿಡ್ತಾರೆ.

ಅದಕ್ಕೆ ಸಾಕ್ಷಿ ಅಂತ ಲ್ಯಾಬ್ ಪ್ರಯೋಗ ಎರಡು, ಜೊತೆಗೆ ಒಂದು ಕಾರ್ ಇನ್ಶೂರೆನ್ಸ್ ಕಂಪನಿಯ 13,488 ಪಾಲಿಸಿಗಳ ಲೆಕ್ಕ. ಕಾರು ಎಷ್ಟು ಓಡಿದೆ ಅಂತ ಜನನೇ ಓಡೋಮೀಟರ್ ನೋಡಿ ಬರೀಬೇಕು, ಕಮ್ಮಿ ಬರೆದ್ರೆ ಪ್ರೀಮಿಯಂ ಕಮ್ಮಿ, ಹಂಗಾಗಿ ಸುಳ್ಳು ಬರೆಯೋ ಆಸೆ ಇದ್ದೇ ಇರತ್ತೆ. ಮೇಲೆ ಸೈನ್ ಹಾಕಿದೋರು ಸುಮಾರು ಶೇ. 10 ಜಾಸ್ತಿ ಮೈಲಿ ತೋರಿಸಿದ್ರು ಅಂತ ಬಂತು. ಎಲ್ರೂ ನಂಬಿದ್ರು.

2020ರಲ್ಲಿ ಅದೇ ಐದು ಜನ, ಜೊತೆಗೆ ಇನ್ನಿಬ್ರು ಸೇರ್ಕೊಂಡು ಮತ್ತೆ ಪ್ರಯೋಗ ಮಾಡಿದ್ರು, ಸೈನ್ ಮೇಲಿದ್ರೂ ಅಷ್ಟೇ ಕೆಳಗಿದ್ರೂ ಅಷ್ಟೇ ಅಂತ ಗೊತ್ತಾಯ್ತು. ಅದನ್ನ ಅವರೇ ಪ್ರಿಂಟ್ ಮಾಡಿದ್ರು, ಜೊತೆಗೆ 2012ರ ಇನ್ಶೂರೆನ್ಸ್ ಡೇಟಾನೂ ಎಲ್ರಿಗೂ ಸಿಗೋ ಹಾಗೆ ಹಾಕಿದ್ರು. ಎಂಟು ವರ್ಷ ಆದ್ಮೇಲೆ! ಎಂಟು ವರ್ಷ ಆ ಶೀಟ್‌ನ ಹೊರಗಿನೋರು ನೋಡೇ ಇರ್ಲಿಲ್ಲ, ಆದ್ರೂ ಎಂಬಿಎ ಹುಡುಗ್ರು ಅದನ್ನ ಎಕ್ಸಾಮ್‌ಗೆ ಓದ್ತಾ ಇದ್ರು.

ಶೀಟ್ ಹೊರಗೆ ಬಂದಿದ್ದೇ ತಡ, ಎಲ್ಲ ಕಳಚ್ಕೊಂಡು ಬಿತ್ತು. 2021ರ ಆಗಸ್ಟ್‌ನಲ್ಲಿ ಯೂರಿ ಸಿಮನ್‌ಸನ್, ಲೀಫ್ ನೆಲ್ಸನ್, ಜೋ ಸಿಮನ್ಸ್ ಅನ್ನೋ ಮೂರು ಜನ ರಿಸರ್ಚರ್‌ಗಳು ನಡೆಸೋ ಡೇಟಾ ಕೊಲಾಡಾ ಅನ್ನೋ ಬ್ಲಾಗ್‌ನಲ್ಲಿ ಪೂರ್ತಿ ಲೆಕ್ಕ ಬಂತು. ನೋಡಿ, ಸಾಮಾನ್ಯವಾಗಿ ಕಾರು ಓಡ್ಸೋರಲ್ಲಿ ಹೆಚ್ಚಿನೋರು ಮಧ್ಯದಲ್ಲೆಲ್ಲೋ ಇರ್ತಾರೆ, ತೀರಾ ಜಾಸ್ತಿ ಓಡ್ಸೋರು ಕೆಲವ್ರೇ. ಇಲ್ಲಿ ಸೊನ್ನೆಯಿಂದ 50,000 ಮೈಲಿವರೆಗೂ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಸಮ ಜನ, 50,000 ದಾಟಿದ ತಕ್ಷಣ ಖಾಲಿ. ಯಾವ ಊರಲ್ಲಿ ಜನ ಹಿಂಗೆ ಕಾರು ಓಡಿಸ್ತಾರೆ? ಇನ್ನೊಂದು, ಕೈಯಲ್ಲಿ ಬರೆಯೋರು ರೌಂಡ್ ಫಿಗರ್ ಹಾಕ್ತಾರೆ, ಕೊನೇಲಿ ಮೂರು ಸೊನ್ನೆ. ಒಂದೊಂದು ಕಾರಿಗೂ ಓಡೋಮೀಟರ್ ರೀಡಿಂಗ್ ಎರಡೆರಡು ಇತ್ತು, ಮೊದಲ ರೀಡಿಂಗ್‌ನಲ್ಲಿ ಆ ಥರದ್ದು ಬೇಕಾದಷ್ಟಿತ್ತು, ಎರಡನೇದ್ರಲ್ಲಿ ಮಾಯ. ಎಲ್ಲಕ್ಕಿಂತ ಜೋರು ಅಂದ್ರೆ ಫಾಂಟ್! ಅರ್ಧ ಸಾಲು ಕ್ಯಾಲಿಬ್ರಿ, ಅರ್ಧ ಸಾಲು ಕೇಂಬ್ರಿಯಾ. ಒಂದು ಫಾಂಟ್‌ನ ಸಾಲು ತಗೊಂಡು 1,000 ಮೈಲಿ ಒಳಗೆ ಏನೋ ಒಂದು ನಂಬರ್ ಸೇರಿಸಿ ಇನ್ನೊಂದು ಫಾಂಟ್‌ನಲ್ಲಿ ಜೋಡಿ ಸಾಲು ಮಾಡಿದಂಗಿತ್ತು. ಮರು ತಿಂಗಳೇ ಪೇಪರ್ ವಾಪಸ್, ಅಂದ್ರೆ ಇದನ್ನ ನಂಬ್ಬೇಡಿ ಅಂತ ಜರ್ನಲ್ಲೇ ಹಿಂದಕ್ಕೆ ತಗೊಂಡಿತು. ಕಂಪನಿಯಿಂದ ಬಂದ ಡೇಟಾ, ನಾನು ತಿದ್ದಿಲ್ಲ ಅಂತ ಏರಿಯಲಿ ಹೇಳಿದಾರೆ. ಯಾರು ತಿದ್ದಿದ್ರು ಅಂತ ತೀರ್ಪು ಕೊಡೋದು ನನ್ನ ಕೆಲ್ಸ ಅಲ್ಲ. ಡೇಟಾ ಮೊದಲ ದಿನವೇ ಹೊರಗಿದ್ದಿದ್ರೆ ಇದು ಮೊದಲ ವಾರವೇ ಗೊತ್ತಾಗ್ತಿತ್ತು, ನಾನು ಹೇಳ್ತಿರೋದು ಅದು.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಆ ಶೀಟ್‌ನಲ್ಲಿ ಮೊದ್ಲು ತಪ್ಪು ಕಂಡೋರು ಹೆಸ್ರೇ ಹೇಳ್ಕೊಂಡಿಲ್ಲ. ಯಾರು, ಯಾವ ಕಾಲೇಜು, ಏನೂ ಹೊರಗೆ ಹೇಳಿಲ್ಲ. ಆದ್ರೂ ಅವರು ಹೇಳಿದ್ದು ನಿಂತ್ಕೊಂಡಿತು, ಯಾಕಂದ್ರೆ ಶೀಟ್ ಎಲ್ರ ಮುಂದೆ ಇತ್ತು.

2023ರ ಜೂನ್‌ನಲ್ಲಿ ಅದೇ ಪೇಪರ್‌ನ ಒಂದು ಲ್ಯಾಬ್ ಪ್ರಯೋಗದ ಮೇಲೂ ಅನುಮಾನ ಬಂತು, ಈ ಸಲ ಜೀನೋ ಅವರ ಡೇಟಾ, ಎಕ್ಸೆಲ್ ಫೈಲ್ ಒಳಗಿನ ಗುರುತುಗಳನ್ನ ನೋಡಿದ್ರೆ ಸಾಲುಗಳು ಜಾಗ ಬದಲಾಯ್ಸಿದ್ದು ಕಾಣ್ತಿತ್ತು. ಅವರು ಆರೋಪ ಒಪ್ಪಿಲ್ಲ, ಹಾರ್ವರ್ಡ್ ಮೇಲೆ, ಡೇಟಾ ಕೊಲಾಡಾದ ಆ ಮೂವರ ಮೇಲೆ ಎಲ್ಲ ಸೇರಿ ಎರಡೂವರೆ ಕೋಟಿ ಡಾಲರ್ ಕೇಸ್ ಹಾಕಿದ್ರು. 2024ರ ಸೆಪ್ಟೆಂಬರ್‌ನಲ್ಲಿ ಮಾನನಷ್ಟದ ಭಾಗವನ್ನ ಜಡ್ಜ್ ವಜಾ ಮಾಡಿದ್ರು, 2025ರ ಮೇ ತಿಂಗಳಲ್ಲಿ ಹಾರ್ವರ್ಡ್ ಜೀನೋ ಅವರ ಟೆನ್ಯೂರ್, ಅಂದ್ರೆ ಕಾಯಂ ಪ್ರೊಫೆಸರ್ ಹುದ್ದೆ, ಕಿತ್ಕೊಂಡಿತು. ಯೋಚನೆ ಮಾಡಿ, ಶೀಟ್ ನೋಡಿ ಪ್ರಶ್ನೆ ಕೇಳಿದ್ದಕ್ಕೆ ಕೋಟಿಗಟ್ಟಲೆ ಕೇಸು! ಇನ್ಮೇಲೆ ಯಾವ ಪಿಎಚ್‌ಡಿ ಹುಡುಗಿ ಧೈರ್ಯ ಮಾಡ್ತಾಳೆ?

"ಪಿಯರ್ ರಿವ್ಯೂ ಆಗಿರತ್ತೆ ಸರ್", ಅಂದ್ರೆ ಪ್ರಿಂಟ್ ಆಗೋಕೆ ಮುಂಚೆ ಅದೇ ಫೀಲ್ಡ್‌ನ ಬೇರೆಯೋರು ಓದಿ ನೋಡಿರ್ತಾರೆ ಅಂತೀರಾ? ಈ ಪೇಪರೂ ರಿವ್ಯೂ ಆಗಿತ್ತು. ರಿವ್ಯೂ ಮಾಡೋರಲ್ಲಿ ಹೆಚ್ಚಿನೋರು ಡೇಟಾ ನೋಡೋದೇ ಇಲ್ಲ, ಬರವಣಿಗೆ ನೋಡ್ತಾರೆ. "ಕಂಪನಿ ಗುಟ್ಟು ಸರ್" ಅಂತೀರಾ? ಹೆಸ್ರು ಅಳಿಸಿ ನಂಬರ್ ಕೊಡಿ. "ಒಂದೇ ಕೇಸ್ ಹಿಡ್ಕೊಂಡು ಕೂಗಾಡ್ತೀರ" ಅಂತೀರಾ? ಜಾಮ್ ಬಾಟಲಿ ಕಥೆ ನಿಮ್ ಸ್ಲೈಡ್‌ನಲ್ಲೂ ಇರತ್ತೆ, 24 ಥರ ಜಾಮ್ ಇಟ್ರೆ ನಿಂತೋರಲ್ಲಿ ಶೇ. 3 ತಗೊಂಡ್ರು, 6 ಥರ ಇಟ್ರೆ ಶೇ. 30 ತಗೊಂಡ್ರು ಅನ್ನೋದು. ಅಲ್ಲಿ ಯಾರೂ ಮೋಸ ಮಾಡಿಲ್ಲ. ಆದ್ರೆ 2010ರಲ್ಲಿ ಅಂಥ 50 ಪ್ರಯೋಗ ಒಟ್ಟಿಗೆ ಹಾಕಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆ ಹತ್ರ ಬಂತು. ಆ ಎರಡನೇ ಸ್ಲೈಡ್ ನಿಮ್ಗೆ ಯಾರಾದ್ರೂ ತೋರ್ಸಿದಾರಾ?

ನಮ್ಮ ಹಳ್ಳಿ ಹಾಲಿನ ಡೇರಿಲಿ ಅಧ್ಯಕ್ಷರ ಮನೆ ಹಾಲಾದ್ರೂ ಫ್ಯಾಟ್ ನೋಡ್ದೆ ತಗೊಳಲ್ಲ. ಒಂದು ಲೀಟರ್ ಹಾಲಿಗೆ ಇರೋ ನಿಯಮ ಪ್ರೊಫೆಸರ್ ಪೇಪರ್‌ಗೆ ಬೇಡ್ವಾ? ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದ್ರು ಹಿರಿಯರು, ಇಲ್ಲಿ ಪ್ರತ್ಯಕ್ಷನೂ ಇಲ್ಲ ಪ್ರಮಾಣನೂ ಇಲ್ಲ, ಬರೀ ಲೋಗೋ!

ಹಾಂ, ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ದೋರು ಮಾಡಿ, ಕನ್ನಡದಲ್ಲಿ ಈ ವಿಷ್ಯ ಮಾತಾಡೋರು ಕಮ್ಮಿ, ನೀವು ಶೇರ್ ಮಾಡಿದ್ರೇನೇ ಎಂಬಿಎ ಓದೋ ಮಕ್ಳಿಗೆ ತಲುಪೋದು. ಕ್ಲಾಸಲ್ಲಿ ಕೂತಿರೋ ಮಕ್ಳೇ, ಸಾರ್ "ರಿಸರ್ಚ್ ಹೇಳತ್ತೆ" ಅಂದ ತಕ್ಷಣ ಕೈ ಎತ್ತಿ, ಡೇಟಾ ಎಲ್ಲಿ ಸಿಗತ್ತೆ ಸಾರ್ ಅಂತ ಕೇಳಿ. ಬೈದ್ರೂ ಕೇಳಿ. ಮಾರ್ಕ್ಸ್ ಕಟ್ ಮಾಡ್ತೀನಿ ಅಂದ್ರೂ ಕೇಳಿ. ಡೇಟಾ ಇಲ್ವಾ? ಹಂಗಾದ್ರೆ ನಂಬಲ್ಲ, ಮುಗೀತು, ಅದಕ್ಕೆ ಇನ್ನೊಂದು ಕಾರಣ ಕೊಡೋ ಅಗತ್ಯನೇ ಇಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಆಗ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ, ಜನ ಹೇಗೆ ಊಟ ಮಾಡ್ತಾರೆ ಅಂತ ರಿಸರ್ಚ್ ಮಾಡ್ತಿದ್ದ ಬ್ರಯಾನ್ ವ್ಯಾನ್ಸಿಂಕ್ ಬಗ್ಗೆ, 2018ರಲ್ಲಿ ಒಂದೇ ದಿನ ಅವರ ಆರು ಪೇಪರ್ ವಾಪಸ್ ಆದ ಕಥೆ. ಬೆಲ್ ಒತ್ತಿಟ್ಕೊಳ್ಳಿ.