ಚಿಪ್ ಇಲ್ಲದ ವೇಪ್, ಅದರೊಳಗಿನ ಬ್ಯಾಟರಿ

ಕೇಳುಗರೇ, ನಮಸ್ಕಾರ. ಇವತ್ತು ಮೆಕ್ಯಾನಿಕಲ್ ಮಾಡ್, ಅಂದರೆ ಚಿಪ್ ಇಲ್ಲದ ವೇಪ್ (ಇ-ಸಿಗರೇಟ್) ಬಗ್ಗೆ ಮಾತಾಡೋಣ. ಸಿಗರೇಟನ್ನೇ ಮುಟ್ಟದವರು ಇದರ ಹತ್ತಿರ ಸುಳಿಯುವುದೇ ಬೇಡ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈಗಾಗಲೇ ಬಳಸುತ್ತಿರುವವರು ಇದ್ದಾರಲ್ವಾ, ಅವರ ಕೈ ಮುಖ ಸುಡಬಾರದು ಅನ್ನುವುದು ನನ್ನ ಕಾಳಜಿ.

ನೋಡಲು ಇದೊಂದು ಲೋಹದ ಕೊಳವೆ. ಒಳಗೆ ಬ್ಯಾಟರಿ, ಅಂದರೆ ಲಿಥಿಯಂ ಸೆಲ್, ಕೆಳಗೋ ಪಕ್ಕದಲ್ಲೋ ಒಂದು ಬಟನ್, ಮೇಲೆ ದ್ರವವನ್ನು ಕಾಯಿಸಿ ಆವಿ ಮಾಡುವ ಆಟಮೈಜರ್, ಅದರೊಳಗೆ ಕಾಯುವ ತಂತಿ ಸುರುಳಿಯೇ ಕಾಯಿಲ್. ಅಷ್ಟೇ. ಸಾಮಾನ್ಯ ವೇಪ್‌ನಲ್ಲಿ ಒಂದು ಚಿಪ್ ಇರುತ್ತದೆ. ಕಾಯಿಲ್ ಶಾರ್ಟ್ ಆದರೆ, ಚಾರ್ಜ್ ತೀರಾ ಇಳಿದರೆ, ಬಟನ್ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಅದೇ ಕರೆಂಟ್ ನಿಲ್ಲಿಸುತ್ತದೆ. ಇಲ್ಲಿ ಹಾಗೆ ತಡೆಯುವುದು ಏನೂ ಇಲ್ಲ. ಹೊಸಬರಿಗೆ ಚಿಪ್ ಇರುವುದೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಚಿಪ್ ಮಾಡುವ ಲೆಕ್ಕವನ್ನು ಇಲ್ಲಿ ನೀವು ಮಾಡಬೇಕು. ಕಷ್ಟವೇನಲ್ಲ, ಸೆಲ್‌ನ ವೋಲ್ಟನ್ನು ಕಾಯಿಲ್‌ನ ಓಮ್‌ನಿಂದ, ಅಂದರೆ ಅದರ ಪ್ರತಿರೋಧದಿಂದ ಭಾಗಿಸಿದರೆ ಆಂಪ್, ಅಂದರೆ ಹರಿಯುವ ಕರೆಂಟ್ ಬರುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ 4.2 ವೋಲ್ಟ್ ಇರುತ್ತದೆ. ಕಾಯಿಲ್ 0.5 ಓಮ್ ಇದ್ದರೆ 8.4 ಆಂಪ್. 0.2 ಇದ್ದರೆ 21. 0.1ಕ್ಕೆ ಇಳಿಸಿದಿರೋ, 42! ಸ್ಯಾಮ್‌ಸಂಗ್ 25ಆರ್ ಅನ್ನುವ ಹೆಸರುವಾಸಿ 18650 (ಇದು ಸೆಲ್‌ನ ಅಳತೆಯ ಹೆಸರು) ಸೆಲ್ ಸತತವಾಗಿ ಕೊಡಬಲ್ಲದ್ದು 20 ಆಂಪ್. ಅಂದರೆ 0.2 ಓಮ್‌ಗೇ ಅದು ಮಿತಿ ದಾಟಿತು. ಕಾಯಿಲ್ ಸುತ್ತಿದ ಮೇಲೆ ಓಮ್ ಮೀಟರ್‌ನಲ್ಲಿ ನೋಡಿ, ಆಮೇಲೆ ಮಾಡ್‌ಗೆ ಹಾಕಿ. ಅಂದಾಜಿನ ಮೇಲೆ ಹೋಗಬೇಡಿ.

ಸೆಲ್ ಮೇಲೆ ದೊಡ್ಡದಾಗಿ 40 ಆಂಪ್ ಅಂತ ಬರೆದಿದ್ದರೆ ನಂಬಬೇಡಿ, ಅದು ಕೆಲವೇ ಕ್ಷಣಗಳ ಲೆಕ್ಕ ಇರಬಹುದು, ಇಲ್ಲವೇ ಹಳೆಯ ಸೆಲ್‌ಗೆ ಹೊಸ ಹೊದಿಕೆ ತೊಡಿಸಿ ಮಾರುತ್ತಿರಬಹುದು. 18650ರ ಮೇಲೆ ಸಾಮರ್ಥ್ಯ 9900 ಮಿಲಿಆಂಪ್ ಅವರ್ ಅಂತ ಇದ್ದರಂತೂ ಶುದ್ಧ ಸುಳ್ಳು. ಇನ್ನೊಂದು ಮಾತು. ಇಂಥ ಸೆಲ್‌ಗಳನ್ನು ತಯಾರಿಸುವವರೇ, ರಕ್ಷಣೆಯ ಸರ್ಕ್ಯೂಟ್ ಇಲ್ಲದೆ ಬಿಡಿಯಾಗಿ ಬಳಸಬೇಡಿ ಅಂತ ಎಚ್ಚರಿಸುತ್ತಾರೆ.

ಮಾಡ್ ಆರಿಸುವಾಗ ಮೊದಲು ಗಾಳಿ ಹೋಗುವ ತೂತುಗಳಿವೆಯಾ ನೋಡಿ. ಸೆಲ್ ಕೆಟ್ಟು ಕಾದಾಗ ಒಳಗಿನಿಂದ ಬಿಸಿ ಅನಿಲ ನುಗ್ಗುತ್ತದೆ, ಅದಕ್ಕೆ ದಾರಿ ಇಲ್ಲದಿದ್ದರೆ ಕೊಳವೆಯೇ ಸಿಡಿಯುತ್ತದೆ. 2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೇಪ್ ಸಿಡಿದು, ಅದರ ಚೂರು ತಲೆಗೆ ಹೊಕ್ಕು ಒಬ್ಬರು ಸತ್ತೇಹೋದರು. ಬಟನ್‌ಗೆ ಲಾಕ್ ಬೇಕೇ ಬೇಕು, ಜೇಬಿನಲ್ಲಿ ತಾನಾಗಿ ಒತ್ತಿಕೊಳ್ಳಬಾರದಲ್ಲ.

ಹೈಬ್ರಿಡ್ ಟಾಪ್ ಇರುವ ಮಾಡ್‌ನಲ್ಲಿ ಇನ್ನೂ ಹುಷಾರು. ಅದರಲ್ಲಿ ಆಟಮೈಜರ್‌ನ ನಡುವಿನ ಪಿನ್ ನೇರವಾಗಿ ಸೆಲ್‌ನ ಪ್ಲಸ್ ತುದಿಗೆ ತಾಗುತ್ತದೆ. ಆ ಪಿನ್ ಸುತ್ತಲಿನ ತಿರುಪಿನ ಭಾಗಕ್ಕಿಂತ ಸ್ಪಷ್ಟವಾಗಿ ಹೊರಗೆ ಚಾಚಿರಬೇಕು. ಸಮಮಟ್ಟದಲ್ಲಿದ್ದರೆ ಪ್ಲಸ್ ತುದಿ ಆ ತಿರುಪಿನ ಭಾಗಕ್ಕೂ ತಾಗಿ, ಬಟನ್ ಒತ್ತಿದ ಕೂಡಲೇ ನೇರ ಶಾರ್ಟ್!

ಇಷ್ಟೇ ಮುಖ್ಯವಾದದ್ದು ಸೆಲ್‌ನ ಹೊದಿಕೆ, ಜನ ಇದನ್ನು ಸುಮ್ನೆ ಕಡೆಗಣಿಸುತ್ತಾರೆ. ಆ ತೆಳ್ಳನೆಯ ಪ್ಲಾಸ್ಟಿಕ್ ಅಂದಕ್ಕಲ್ಲ. ಸೆಲ್‌ನ ಮೈ ಪೂರ್ತಿ ಮೈನಸ್, ಪ್ಲಸ್ ತುದಿಯ ಅಂಚಿನವರೆಗೂ. ಮೇಲೆ ಒಂದು ಚೂರು ಹರಿದಿದ್ದರೂ ಲೋಹದ ಕೊಳವೆಯೊಳಗೆ ಅದು ಶಾರ್ಟ್ ಆಗಬಹುದು. ಪ್ರತಿ ಸಲ ಹಾಕುವ ಮುಂಚೆ ತಿರುಗಿಸಿ ನೋಡಿ. ಹರಿದಿದ್ದರೆ ಹೊಸ ಹೊದಿಕೆ ಹಾಕಿಸಿ. ಮೈ ನೆಗ್ಗಿದ್ದರೆ ಮತ್ತೆ ಬಳಸಲೇಬೇಡಿ.

ಬಿಡಿ ಸೆಲ್ ಯಾವತ್ತೂ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ, ಕೀಲಿಕೈ ಚಿಲ್ಲರೆ ಜೊತೆ ಜೇಬಿಗೆ ಹಾಕಿದರೆ ತೊಡೆ ಸುಟ್ಟುಕೊಳ್ಳುತ್ತೀರಿ. ಒಳ್ಳೆಯ ಚಾರ್ಜರ್‌ನಲ್ಲಿ, ನೀವು ಎಚ್ಚರವಾಗಿದ್ದಾಗ, ಕಣ್ಣೆದುರೇ ಚಾರ್ಜ್ ಮಾಡಿ. ಹೊಗೆ ಸಣ್ಣಗಾಯಿತು ಅನ್ನಿಸಿದರೆ ಚಾರ್ಜ್ ಇಳಿದಿದೆ ಅಂತ ತಿಳಿದು, ಎಳೆಯುವುದನ್ನು ನಿಲ್ಲಿಸಿ, ಸೆಲ್ ಬದಲಿಸಿ. ಬಟನ್ ಅಥವಾ ಕೊಳವೆ ಬಿಸಿಯಾದರೆ ಕೂಡಲೇ ಬಿಟ್ಟು ದೂರ ಸರಿಯಿರಿ. ಹಳೆಯ ಸೆಲ್‌ಗಳನ್ನು ಕಸದ ಬುಟ್ಟಿಗೆ ಎಸೆಯದೆ, ಎರಡೂ ತುದಿಗೆ ಟೇಪ್ ಅಂಟಿಸಿ, ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡಿ.