ಗೀಸರ್ ಬಿಸಿಯಾಗದ ಬೆಳಿಗ್ಗೆ

ಕೇಳುಗರಿಗೆ ನಮಸ್ಕಾರ.

ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ನಲ್ಲಿ ತಿರುಗಿಸಿ, ಬಿಸಿನೀರು ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಕೈಯೊಡ್ಡಿ ನಿಂತಿರುವಾಗ ತಣ್ಣೀರೇ ಸುರಿಯುತ್ತಿದ್ದರೆ, "ಥರ್ಮೋಸ್ಟಾಟ್ ಹೋಗಿರಬೇಕು" ಎಂಬ ಮಾತು ನಮ್ಮ ಬಾಯಿಂದ ತಾನಾಗಿಯೇ ಹೊರಡುತ್ತದೆ. ರಿಪೇರಿಗೆ ಬಂದವರೂ ಅನೇಕ ಸಲ ಅದನ್ನೇ ಹೇಳಿ ಹೊಸದೊಂದನ್ನು ಹಾಕಿ ಹೋಗುತ್ತಾರೆ. ಥರ್ಮೋಸ್ಟಾಟ್ ಕೆಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಬೇರೆಯವರ ತಪ್ಪನ್ನು ಅದು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದೇ ಹೆಚ್ಚು. ಆ ತಪ್ಪು ಯಾರದೆಂದು ಪತ್ತೆ ಮಾಡುವ ಬಗೆಯನ್ನು ಈ ಹೊತ್ತು ವಿವರಿಸಲು ಬಯಸುತ್ತೇನೆ.

ಥರ್ಮೋಸ್ಟಾಟ್ ಎಂದರೆ ಶಾಖವನ್ನು ಅರಿತು ತಾನೇ ಆರುವ, ತಾನೇ ಹೊತ್ತಿಕೊಳ್ಳುವ ಒಂದು ಸ್ವಿಚ್ಚು, ಅಷ್ಟೆ. ನಮ್ಮ ಮನೆಗಳ ಗೀಸರಿನಲ್ಲಿ ಎರಡು ಬಗೆಯವು ಕಾಣಸಿಗುತ್ತವೆ. ಒಂದರಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಕಡ್ಡಿಯಿರುತ್ತದೆ. ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ. ಕಬ್ಬಿಣಕ್ಕೆ ಶೇಕಡಾ 36ರಷ್ಟು ನಿಕಲ್ ಬೆರೆಸಿ ಮಾಡಿದ ಇನ್ವಾರ್ ಹಿಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಕೊಳವೆ ಉದ್ದವಾದಂತೆ ಒಳಗಿನ ಕಡ್ಡಿ ಅದರೊಡನೆ ಸರಿದು ಸ್ವಿಚ್ಚಿನ ಹಿಡಿತವನ್ನು ಸಡಿಲಿಸುತ್ತದೆ. ಈ ಲೋಹವನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತ್ತು. ಸ್ನಾನಕ್ಕೆ ಹೊರಟವರು ಯಾರೂ ಅವರನ್ನು ನೆನೆಯುವುದಿಲ್ಲವೆಂಬುದು ಬೇರೆ ಮಾತು. ಇನ್ನೊಂದು ಬಗೆಯಲ್ಲಿ ದ್ರವ ತುಂಬಿದ ಪುಟ್ಟ ತಾಮ್ರದ ಬುರುಡೆ ಟ್ಯಾಂಕಿನ ಒಳಗೊಳವೆಯಲ್ಲಿ ಕುಳಿತಿರುತ್ತದೆ. ದ್ರವ ಹಿಗ್ಗಿದಾಗ ಸಪೂರವಾದ ನಳಿಗೆಯ ಮೂಲಕ ಒತ್ತಡ ಹಾದುಬಂದು ಸ್ವಿಚ್ಚನ್ನು ಆರಿಸುತ್ತದೆ. ಇವಲ್ಲದೆ ಥರ್ಮಲ್ ಕಟೌಟ್ ಎಂಬ ಕಾವಲುಗಾರನೂ ಇದ್ದಾನೆ. ಥರ್ಮೋಸ್ಟಾಟ್ ಆರದೆ ಉಳಿದರೆ, ನೀರು ಕುದಿಯುವ ಮೊದಲೇ ಕರೆಂಟು ಕಡಿಯುವುದು ಇವನ ಕೆಲಸ. ಕೆಲವು ಗೀಸರುಗಳಲ್ಲಿ ಇದಕ್ಕೊಂದು ಸಣ್ಣ ಗುಂಡಿಯಿದ್ದು, ಅದನ್ನು ಕೈಯಿಂದ ಒತ್ತುವವರೆಗೆ ಗೀಸರ್ ಮತ್ತೆ ಕೆಲಸ ಮಾಡುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಗೀಸರಿನ ಮೇಲಿನ ದೀಪಗಳನ್ನು ನೋಡಬೇಕು. ಯಾವ ದೀಪವೂ ಹೊತ್ತದಿದ್ದರೆ ಥರ್ಮೋಸ್ಟಾಟಿನ ಮಾತೇ ಬೇಡ. ಎಂಸಿಬಿ, ಅಂದರೆ ಕರೆಂಟು ಹೆಚ್ಚಾದಾಗ ತಾನೇ ಬೀಳುವ ಮೇನ್ ಬೋರ್ಡಿನ ಸ್ವಿಚ್ಚು, ಬಿದ್ದಿದೆಯೇ, ಪ್ಲಗ್ಗಿನ ಪಿನ್ನು ಕರಕಲಾಗಿದೆಯೇ ಎಂಬುದನ್ನು ನೋಡಿದರೆ ಸಾಕು. 2000 ವ್ಯಾಟಿನ ಗೀಸರ್ ಒಂಬತ್ತು ಆಂಪಿಯರಿನಷ್ಟು ಕರೆಂಟು ಎಳೆಯುವುದರಿಂದ, ಸಾಕೆಟ್ಟು ಸ್ವಲ್ಪ ಸಡಿಲವಾಗಿದ್ದರೂ ಅಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿರುತ್ತದೆ. ಕರೆಂಟಿನ ದೀಪ ಹೊತ್ತಿದ್ದು, ನೀರು ಕಾಯುತ್ತಿರುವುದನ್ನು ತೋರುವ ದೀಪ ಹೊತ್ತದಿದ್ದರೆ, ನೀರೂ ತಣ್ಣಗಿದ್ದರೆ, ಆಗ ಥರ್ಮೋಸ್ಟಾಟನ್ನೋ ಕಟೌಟನ್ನೋ ಶಂಕಿಸುವುದು ನ್ಯಾಯ. ಎರಡೂ ದೀಪ ಹೊತ್ತಿ ಅರ್ಧ ಗಂಟೆಯಾದರೂ ನೀರು ತಣ್ಣಗೇ ಇದ್ದರೆ ಸಾಮಾನ್ಯವಾಗಿ ನೀರನ್ನು ಬಿಸಿಮಾಡುವ ಕಾಯಿಲೇ ಸುಟ್ಟುಹೋಗಿರುತ್ತದೆ. ದೀಪಗಳ ಜೋಡಣೆ ಎಲ್ಲ ಗೀಸರಿನಲ್ಲಿಯೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ, ಚೆನ್ನಾಗಿದ್ದಾಗ ನಿಮ್ಮ ಮನೆಯ ಗೀಸರಿನಲ್ಲಿ ಯಾವ ದೀಪ ಯಾವಾಗ ಹೊತ್ತುತ್ತದೆ ಎಂಬುದನ್ನು ಗಮನಿಸಿಟ್ಟುಕೊಂಡಿರುವುದು ಒಳ್ಳೆಯದು.

ನೀರು ಬಿಸಿಯಾಗುತ್ತದೆ, ಆದರೆ ಬಹಳ ಹೊತ್ತು ಹಿಡಿಯುತ್ತದೆ ಎನ್ನುವವರು ವೋಲ್ಟೇಜನ್ನು ಮರೆಯಬಾರದು. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲು, ವೋಲ್ಟೇಜು 180ಕ್ಕೆ ಇಳಿದಾಗ 1200 ವ್ಯಾಟಿಗಿಂತ ಸ್ವಲ್ಪವೇ ಹೆಚ್ಚು ಕೊಡುತ್ತದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂವತ್ತು ನಿಮಿಷ ದಾಟುತ್ತದೆ. ಹಳ್ಳಿಯ ಮನೆಗಳಲ್ಲಿ, ಪಂಪುಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ, ಯಾವ ಥರ್ಮೋಸ್ಟಾಟ್ ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಮನೆಯ 15 ಲೀಟರಿನ ಗೀಸರ್ ನಿಂತುಹೋಯಿತು. ಬಂದ ಎಲೆಕ್ಟ್ರಿಷಿಯನ್ ಕಟೌಟಿನ ಗುಂಡಿ ಒತ್ತಿದರು, ಗೀಸರ್ ಓಡಿತು. ಎಂಟು ದಿನಕ್ಕೆ ಮತ್ತೆ ನಿಂತಿತು, ಮತ್ತೆ ಒತ್ತಿದರು. ಮೂರನೆಯ ಸಲ ಬಂದು ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ, "ಡೈರೆಕ್ಟ್ ಮಾಡ್ಬಿಟ್ಟಿದ್ದೀನಿ ಸಾರ್, ಇನ್ನೇನೂ ತೊಂದ್ರೆ ಇರಲ್ಲ" ಎಂದರು. ಡೈರೆಕ್ಟ್ ಎಂದರೆ ಕಟೌಟಿಗೆ ಬರುವ ಎರಡು ವೈರುಗಳನ್ನು ಒಂದಕ್ಕೊಂದು ಜೋಡಿಸಿ, ಕಾವಲುಗಾರನನ್ನು ಮನೆಗೆ ಕಳುಹಿಸುವುದು. ಆಮೇಲೆ ಥರ್ಮೋಸ್ಟಾಟಿನ ಸಂಪರ್ಕ ಬಿಂದುಗಳು ಬೆಸೆದುಕೊಂಡರೆ ಕರೆಂಟು ಕಡಿಯುವವರು ಯಾರೂ ಇರುವುದಿಲ್ಲ; ಉಳಿಯುವುದು ಒತ್ತಡ ಬಿಡುವ ಸೇಫ್ಟಿ ವಾಲ್ವ್ ಒಂದೇ, ಅದೂ ಉಪ್ಪು ಕಟ್ಟಿಕೊಂಡಿದ್ದರೆ ಟ್ಯಾಂಕು ಸಿಡಿಯಬಹುದು. ನಾನು ಅವರಿಂದ ಆ ವೈರುಗಳನ್ನು ಬಿಚ್ಚಿಸಿ, ಕಾಯಿಲನ್ನು ಹೊರಗೆ ತೆಗೆಸಿದೆ. ತಾಮ್ರದ ಸುರುಳಿಯ ಬದಲು ಕೈಗೆ ಬಂದದ್ದು ಬಿಳಿ ಹವಳದ ಕೊಂಬೆಯಂಥ ಒಂದು ಗಟ್ಟಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಮೊಟ್ಟೆಯ ಚಿಪ್ಪಿನ ಹಾಗೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಟ್ಯಾಂಕಿನ ತಳದಲ್ಲಿ ಇನ್ನೂ ಎರಡು ಬೊಗಸೆಯಷ್ಟಿತ್ತು. ನಮ್ಮದು ಬೋರ್‌ವೆಲ್ ನೀರು. ಗಡಸು ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಕಾಯಿಲಿಗೆ ಮೆತ್ತಿಕೊಳ್ಳುತ್ತದೆ. ಶಾಖ ನೀರಿಗೆ ಇಳಿಯದೆ ಕಾಯಿಲಿನ ಬುಡದಲ್ಲೇ ಉಳಿಯುತ್ತದೆ. ಪಕ್ಕದಲ್ಲಿರುವ ಕಟೌಟ್ ಅದನ್ನು ಅರಿತು ಕರೆಂಟು ಕಡಿಯುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಾಯಿಲು ಬದಲಿಸಿ ಟ್ಯಾಂಕು ತೊಳೆದ ಮೇಲೆ ಹಳೆಯ ಥರ್ಮೋಸ್ಟಾಟೇ ಇಂದಿಗೂ ಓಡುತ್ತಿದೆ.

ಮುಚ್ಚಳ ತೆಗೆಯುವ ಧೈರ್ಯವಿರುವವರು ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು. ಫೇಸು ಮತ್ತು ನ್ಯೂಟ್ರಲ್ ಅದಲುಬದಲಾದ ಮನೆಗಳಲ್ಲಿ ಸ್ವಿಚ್ಚು ಆರಿದ್ದರೂ ಗೀಸರಿನೊಳಗೆ ಕರೆಂಟು ಇರುತ್ತದೆ. ಪ್ಲಗ್ಗನ್ನು ಕಿತ್ತು, ಎಂಸಿಬಿಯನ್ನೂ ಇಳಿಸಿ, ಟೆಸ್ಟರಿನಿಂದ ನೋಡಿದ ಮೇಲಷ್ಟೇ ಕೈ ಹಾಕಬೇಕು. ನೆಲ ಒದ್ದೆಯಿದ್ದರೆ ಆ ದಿನ ಆ ಕೆಲಸವೇ ಬೇಡ. ಕರೆಂಟಿಗೆ ಎದುರಾಗುವ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮಲ್ಟಿಮೀಟರ್ ಇದ್ದರೆ ಸಂಶಯ ಬೇಗ ಬಗೆಹರಿಯುತ್ತದೆ. ವೈರು ಬಿಚ್ಚಿ ಅಳೆದಾಗ 2000 ವ್ಯಾಟಿನ ಕಾಯಿಲು ಸುಮಾರು 26 ಓಮ್ ತೋರಿಸಬೇಕು. ಏನೂ ತೋರದಿದ್ದರೆ ಅದು ತುಂಡಾಗಿದೆ. ಕಾಯಿಲಿನ ತುದಿಗೂ ಗೀಸರಿನ ಮೈಗೂ ನಡುವೆ ಸಂಪರ್ಕ ತೋರಿದರೆ ಕರೆಂಟು ನೀರಿಗೆ ಸೋರುತ್ತಿದೆಯೆಂದರ್ಥ. ಅಂಥ ಗೀಸರನ್ನು ಮತ್ತೆ ಹಾಕಲೇಬಾರದು. ನೀರು ತಣ್ಣಗಿರುವಾಗ ಥರ್ಮೋಸ್ಟಾಟಿನ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಬರದಿದ್ದರೆ, ಕಟೌಟೂ ಸರಿಯಾಗಿದ್ದರೆ, ಆಗ ಮಾತ್ರ ತಪ್ಪು ಥರ್ಮೋಸ್ಟಾಟಿನದು. ಬುರುಡೆಯ ಬಗೆಯದಾದರೆ ನಳಿಗೆ ಎಲ್ಲಾದರೂ ಮಡಿಚಿದೆಯೇ ಎಂದು ನೋಡಿ. ಒಮ್ಮೆ ಮಡಿಚಿ ಬಿರುಕು ಬಿಟ್ಟು ದ್ರವ ಸೋರಿಹೋದರೆ ಅದನ್ನು ರಿಪೇರಿ ಮಾಡಲಾಗದು.

ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಕಡ್ಡಿಯ ಅಥವಾ ನಳಿಗೆಯ ಉದ್ದ, ಆಂಪಿಯರ್, ಡಿಗ್ರಿ ಈ ಮೂರೂ ಹೊಂದಿಕೊಳ್ಳಬೇಕು. ಬುರುಡೆಯನ್ನು ಅದರ ಗೂಡಿನೊಳಗೆ ಪೂರ್ತಿ ತಳ್ಳದೆ ಅರ್ಧ ಹೊರಗೆ ಬಿಟ್ಟರೆ ಅದಕ್ಕೆ ನೀರಿನ ಬಿಸಿ ತಡವಾಗಿ ತಿಳಿಯುತ್ತದೆ, ನೀರು ಅತಿಯಾಗಿ ಕಾಯುತ್ತದೆ. ತಾರಸಿಯ ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಅಲ್ಲಿ ಮಳೆನೀರು ಇಳಿದು ಟರ್ಮಿನಲ್ಲು ತುಕ್ಕು ಹಿಡಿದಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟು, ಗಾಳಿ ಬುಸುಗುಡುವುದು ನಿಂತು ನೀರು ಒಂದೇ ಧಾರೆಯಾಗಿ ಬೀಳುವವರೆಗೆ ಕಾಯಿರಿ. ಟ್ಯಾಂಕು ತುಂಬದೆ ಸ್ವಿಚ್ಚು ಹಾಕಿದರೆ ಹೊಸ ಕಾಯಿಲು ಅಲ್ಲೇ ಸುಟ್ಟೀತು. ಅನಂತರ ನಲ್ಲಿ ನಿಲ್ಲಿಸಿ, ಥರ್ಮೋಸ್ಟಾಟನ್ನು 60 ಡಿಗ್ರಿಗೆ ಇಟ್ಟು, ಸ್ವಿಚ್ಚು ಹಾಕಿ ಗಡಿಯಾರ ನೋಡಿಕೊಳ್ಳಿ. ವೋಲ್ಟೇಜು ಸರಿಯಿದ್ದು ಹದಿನೈದು ಲೀಟರಿನ ಟ್ಯಾಂಕಾದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಒಳಗಿನಿಂದ "ಟಕ್" ಎಂಬ ಸಣ್ಣ ಸದ್ದು ಕೇಳಿ, ಕಾಯುವ ದೀಪ ತಾನೇ ಆರುತ್ತದೆ.

ನಮಸ್ಕಾರ.